ಧಾರೆಯ ದಿನಕ್ಕೆ ಎತ್ತಿಟ್ಟ ಮಾತ್ರೆ

ಮಗಳ ಮದುವೆಯಲ್ಲಿ ನನಗಿದ್ದ ಆಸೆ ಒಂದೇ. ಧಾರೆ ಮುಗಿಯುವವರೆಗೆ ನಾನು ಮಣೆಯಿಂದ ಏಳಬಾರದು. ಬೇರೆ ಅಪ್ಪಂದಿರಿಗೆ ಇದು ದೊಡ್ಡ ಮಾತಲ್ಲ. ನನ್ನದು ಅವಸರದ ಮೂತ್ರಕೋಶ. ಜಯನಗರದಿಂದ ಬನಶಂಕರಿಗೆ ಹೋಗುವಷ್ಟರಲ್ಲಿ ಎಲ್ಲೆಲ್ಲಿ ಶೌಚಾಲಯವಿದೆ ಎಂಬುದು ಬಸ್ ಕಂಡಕ್ಟರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು.

ಆದರೆ ನಾನು ಹೆದರಲಿಲ್ಲ. ಒಂದು ತಿಂಗಳು ಮುಂಚೆಯೇ ಡಾಕ್ಟರ ಬಳಿ ಮಾತ್ರೆ ಬರೆಸಿಕೊಂಡು ಬಂದೆ. ಬಂದವನು ಮಾಡಿದ್ದೇನು? ಹೊಸ ರೇಷ್ಮೆ ಪಂಚೆಯ ಜೊತೆ ಅದನ್ನೂ ಬೀರುವಿನಲ್ಲಿ ಜೋಪಾನವಾಗಿ ಇಟ್ಟೆ! ಮದುವೆಗೆಂದು ತಂದದ್ದನ್ನು ಮದುವೆಯ ದಿನವೇ ಬಳಸಬೇಕಲ್ಲವೇ?

"ದಿನಾ ನುಂಗೋ ಮಾತ್ರೆ ಅದು, ಎತ್ತಿಡೋಕೆ ಮೈಸೂರ್‌ಪಾಕಲ್ಲ" ಎಂದಳು ಹೆಂಡತಿ ಸುಮಿತ್ರ. ಅವಳಿಗೇನು ಗೊತ್ತು ಅಂದುಕೊಂಡೆ.

ಮದುವೆಯ ಬೆಳಿಗ್ಗೆ ಭಕ್ತಿಯಿಂದ ಮೊದಲ ಮಾತ್ರೆ ನುಂಗಿದೆ. ಅದು ಗುಣ ತೋರಿಸಲು ಕೆಲವು ವಾರ ಬೇಕು, ಬಾಯಿ ಒಣಗಿಸಲು ಅಷ್ಟೆಲ್ಲ ಬೇಡ ಎಂದು ಡಾಕ್ಟರು ಹೇಳಿದ್ದು ನೆನಪಾದದ್ದು ಮಣೆಯ ಮೇಲೆ. ಪುರೋಹಿತರು ಗೋತ್ರ ಹೇಳಿ ಎಂದರು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ನೀರು ತರಿಸಿದರು, ಕುಡಿದೆ. ಪ್ರವರ ಹೇಳಿ ಎಂದರು. ಮತ್ತೆ ಕುಡಿದೆ. ಪಾಪ, ಉಪವಾಸವಿದ್ದಾರೆ ಎಂದು ಬೀಗರು ಪ್ರೀತಿಯಿಂದ ಎಳನೀರು ಕಳಿಸಿದರು. ಅದನ್ನೂ ಕುಡಿದೆ!

ಆಮೇಲೆ ಶುರುವಾಯಿತು ಧಾರೆ. ಈ ಶಾಸ್ತ್ರದಲ್ಲಿ ಮಾಡುವುದೇನು? ಗಂಡು ಹೆಣ್ಣಿನ ಜೋಡಿಸಿದ ಕೈಗಳ ಮೇಲೆ ನೀರು ಸುರಿಯುವುದು. ಸಣ್ಣಗೆ. ನಿಧಾನವಾಗಿ. ನನ್ನ ಕಿವಿಯ ಪಕ್ಕದಲ್ಲೇ! ಸುಮಿತ್ರ ಸುರಿದಳು. ಅತ್ತೆಯರು, ಮಾವಂದಿರು, ಜರಗನಹಳ್ಳಿಯ ಚಿಕ್ಕಪ್ಪ, ಎಲ್ಲರೂ ಸಾಲಾಗಿ ಬಂದು ಸುರಿದರು. ನಾನು ಹಲ್ಲು ಕಚ್ಚಿಕೊಂಡು ಕೂತೆ. ಕಣ್ಣಿಂದ ನೀರು ದಳದಳ ಇಳಿಯಿತು. ವಿಡಿಯೋದವನು ಮುಖಕ್ಕೆ ಲೈಟು ಹಿಡಿದ. ಹೆತ್ತ ಕರುಳು ನೋಡಿ ಎಂದು ಹೆಂಗಸರೆಲ್ಲ ಸೆರಗಿನಿಂದ ಕಣ್ಣೊತ್ತಿಕೊಂಡರು. ನನ್ನನ್ನು ನೋಡಿ ಮಗಳು ವೀಣಾ ಕೂಡ ಅತ್ತಳು. ಅವಳಿಗಾಗಿಯೇ ಕೂತಿದ್ದೆ, ಏಳಲಿಲ್ಲ. ಕೊನೆಯ ಮಂತ್ರ ಮುಗಿದದ್ದೇ ತಡ, ಪಂಚೆ ಎತ್ತಿಕೊಂಡು ಓಡಿದೆ. ದುಃಖ ತಡೆಯಲಾರದೆ ಎದ್ದು ಹೋದರು ಎಂದು ಜನ ಮಾತಾಡಿಕೊಂಡರಂತೆ.

ಸಂಜೆ ಮಗಳನ್ನು ಕಳಿಸಿಕೊಡುವ ಹೊತ್ತು. ವೀಣಾ ಕಾರು ಹತ್ತಿ, ಕಿಟಕಿಯಿಂದ ನನ್ನ ಕೈ ಹಿಡಿದು, "ಅಪ್ಪಾ, ಬರ್ತೀನಿ" ಅಂದಳು. ಎದೆ ಒಡೆದುಹೋಯಿತು. ಈ ಸಲ ಬಂದದ್ದು ನಿಜವಾದ ಅಳು. ನಾಚಿಕೆ ಬಿಟ್ಟು ಬಿಕ್ಕಿ ಬಿಕ್ಕಿ ಅತ್ತೆ.

ಸುಮಿತ್ರ ಮೆಲ್ಲಗೆ ನನ್ನ ತೋಳು ಹಿಡಿದು ಕಿವಿಯಲ್ಲಿ ಹೇಳಿದಳು: "ಇನ್ನೂ ಯಾಕ್ರೀ ತಡ್ಕೋತೀರ, ಧಾರೆ ಮುಗೀತಲ್ಲ. ಹೋಗ್ಬನ್ನಿ, ಕಾರು ನಾನು ನಿಲ್ಸಿರ್ತೀನಿ."