ಸಾಹೇಬರ ನಾಲ್ಕು ವಾದ್ಯ, ನನ್ನ ಎರಡು ಕಿವಿ

ಪುಂಜಾಲಕಟ್ಟೆಯ ನಮ್ಮ ಸಾಹೇಬರಿಗೆ ತಲೆ ಸರಿ ಇಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಲೆ ಸರಿ ಇಲ್ಲದವರು ಸಂಗೀತದ ವಿಷಯದಲ್ಲಿ ನನ್ನ ಸಲಹೆ ಕೇಳುತ್ತಾರೆಯೇ? (ಕೇಳುತ್ತಾರೆ ಎಂದು ಈಗ ಅನ್ನಿಸುತ್ತಿದೆ!)

ಸಾಹೇಬರದ್ದು ಚಪ್ಪಲಿ ಅಂಗಡಿ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಕಾಲಿನ ಅಳತೆ ಹೇಳಿಬಿಡುತ್ತಾರೆ. ಅದಕ್ಕೂ ಮೊದಲು ದುಬೈಯಲ್ಲಿ ಸಿ.ಡಿ. ಅಂಗಡಿಯೊಂದರಲ್ಲಿದ್ದರು. ಅಲ್ಲಿ ಅವರಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕ್ವಾರ್ಟೆಟ್ಟಿನ ಹುಚ್ಚು ಹಿಡಿಯಿತು. ಎರಡು ವಯಲಿನ್, ಒಂದು ವಯೋಲ, ಒಂದು ಚೆಲ್ಲೋ, ನಾಲ್ವರು ಕುಳಿತು ನುಡಿಸುವುದು, ಅಷ್ಟೇ. ಊರಿಗೆ ಮರಳುವಾಗ ಉಳಿದವರು ಅತ್ತರಿನ ಬಾಟಲಿ, ಕಂಬಳಿ ತಂದರೆ ಇವರು ಮೂರು ಪೆಟ್ಟಿಗೆ ಸಿ.ಡಿ. ತಂದರು. ಅದೂ ಒಂದೇ ಕೃತಿಯನ್ನು ಐದೈದು ತಂಡಗಳು ನುಡಿಸಿದ್ದು!

ಈಗ ಮಗಳು ಬಾಣಂತನಕ್ಕೆ ಬರುವವಳಿದ್ದಳು. ಕೋಣೆ ಖಾಲಿಯಾಗಬೇಕಿತ್ತು.

"ಒಂದು ಕೃತಿಗೆ ಒಂದೇ ಸಿ.ಡಿ. ಇಟ್ಟುಕೊಳ್ಳುವ ಮಾಸ್ಟ್ರೇ. ಉಳಿದದ್ದು ಮೂಡುಬಿದಿರೆಯ ವಯಲಿನ್ ಟೀಚರಿಗೆ ಕೊಡುವ. ಆರಿಸ್ಲಿಕ್ಕೆ ನೀವು ಬನ್ನಿ."

ನಾನು ಕನ್ನಡ ಮಾಸ್ತರ. ನನ್ನ ಸಂಗೀತಜ್ಞಾನ ಶಾಲೆಯ ಪ್ರಾರ್ಥನೆಯ ಹಾರ್ಮೋನಿಯಂನಲ್ಲಿ ಹುಟ್ಟಿ ಅಲ್ಲೇ ತೀರಿಕೊಂಡಿತ್ತು. 'ಗೊತ್ತಿಲ್ಲ' ಎನ್ನಬಹುದಿತ್ತು. ಆದರೆ ಮೂವತ್ತು ವರ್ಷ ಮಕ್ಕಳ ಮುಂದೆ ನಿಂತವನ ಬಾಯಿಗೆ ಆ ಪದ ಬರುವುದುಂಟೇ?

ಮೊದಲ ಭಾನುವಾರ ಮೂರು ಸಿ.ಡಿ. ಕೇಳಿಸಿದರು. ಮೂರನೆಯದಕ್ಕೆ ನಾನು ಕಣ್ಣುಮುಚ್ಚಿ ತಲೆದೂಗಿದೆ. "ಚೆಲ್ಲೋದ ಗಾಂಭೀರ್ಯ ನೋಡಿ! ತಳದಲ್ಲಿ ಒಂದೇ ಶ್ರುತಿ ಹಿಡಿದು ನಿಂತಿದೆ."

ಸಾಹೇಬರು ಸಿ.ಡಿ. ನಿಲ್ಲಿಸಿದರು. ಗಾಂಭೀರ್ಯ ನಿಲ್ಲಲಿಲ್ಲ.

"ಅದು ಫ್ರಿಜ್ಜು ಮಾಸ್ಟ್ರೇ."

ಮುಂದಿನ ವಾರ ಮೊಬೈಲಿನಲ್ಲಿ ಓದಿಕೊಂಡು ಸಜ್ಜಾಗಿ ಹೋದೆ. "ಮೊದಲನೆಯದರಲ್ಲಿ ಬರೀ ಶಿಸ್ತು. ಎರಡನೆಯ ತಂಡದವರಲ್ಲಿ ಜೀವ ಉಂಟು!"

"ಹೌದಾ? ನಾನು ಸಿ.ಡಿ. ಬದಲಾಯಿಸ್ಲಿಕ್ಕೇ ಮರೆತಿದ್ದೆ ಮಾರಾಯ್ರೆ."

ಮನೆಗೆ ಬಂದು ಹೆಂಡತಿಗೆ ಹೇಳಿಕೊಂಡೆ. "ಅಡುಗೆಮನೆಯಿಂದ ನಾನು ಕರೆದದ್ದು ಕೇಳುವುದಿಲ್ಲ, ನಿಮಗೆ ಅಲ್ಲಿ ವಯೋಲ ಕೇಳ್ತದಾ?" ಎಂದಳು. ಆದರೂ ಹೋಗುವುದನ್ನು ಬಿಡಲಿಲ್ಲ. ನನ್ನ ತೀರ್ಪಿನ ಮೇಲೆ ಎರಡು ಪೆಟ್ಟಿಗೆ ಸಿ.ಡಿ. ವೇಣೂರಿನ ಬಸ್ಸು ಹತ್ತಿ ಮೂಡುಬಿದಿರೆ ಸೇರಿದವು. ನೆನೆದರೆ ಇಂದಿಗೂ ಬೆವರುತ್ತೇನೆ.

ಕೊನೆಗೆ ಒಂದು ಕೃತಿ, ಎರಡು ಸಿ.ಡಿ. ಉಳಿದವು. ಮೊದಲನೆಯದನ್ನು ಹಾಕಿದರು. ನಿಧಾನದ ಭಾಗ. ಒಂದು ವಯಲಿನ್ ಒಂಟಿಯಾಗಿ ಮೇಲಕ್ಕೆ ಹೋಗತೊಡಗಿತು. ಸಾಹೇಬರು ಸದ್ದು ಹೆಚ್ಚಿಸಿದರು. ಮತ್ತೂ ಹೆಚ್ಚಿಸಿದರು. ನನ್ನ ಕಿವಿ ತೂತಾಗುವುದೊಂದು ಬಾಕಿ.

"ವಯಲಿನ್ ನಿಂತಿತಾ ಮಾಸ್ಟ್ರೇ?"

"ಇಲ್ಲವಲ್ಲ! ಜೋರಾಗಿಯೇ ಉಂಟು."

ಅವರು ಸದ್ದು ತಗ್ಗಿಸಿದರು. "ಮೇಲಿನ ಸ್ವರ ನನಗೆ ಕೇಳದೆ ಒಂದು ವರ್ಷ ಆಯ್ತು. ಕಿವಿ ಇನ್ನೂ ಮಂದ ಆಗ್ತದೆ ಅಂದ್ರು ಡಾಕ್ಟ್ರು. ಅದಕ್ಕೇ ನಿಮ್ಮನ್ನು ಕರೆದದ್ದು."

ನನಗೆ ನೆಲ ಬಿರಿದರೆ ಒಳಗೆ ಹೋಗೋಣ ಅನ್ನಿಸಿತು. "ಸಾಹೇಬ್ರೆ, ನನಗೆ ಇದೆಲ್ಲ ಗೊತ್ತಿಲ್ಲ. ಇಷ್ಟು ದಿನ ಹೇಳಿದ್ದು ಪೂರಾ ಸುಳ್ಳು."

"ಅದು ನನಗೆ ಗೊತ್ತುಂಟು," ಎಂದು ನಕ್ಕರು. "ಗೊತ್ತಿರುವುದು ಬೇಡ. ಕಿವಿಗೆ ಬಿದ್ದದ್ದು ಹೇಳಿ, ಸಾಕು."

ಎರಡನೆಯದನ್ನು ಹಾಕಿದರು. ಜೀವನದಲ್ಲಿ ಮೊದಲ ಸಲ ನಾನು ಬಾಯಿ ಮುಚ್ಚಿ ಕೇಳಿದೆ. ಒಂಟಿ ವಯಲಿನ್ ಶುರುವಾದಾಗ ಮೆಲ್ಲ ಹೇಳತೊಡಗಿದೆ: "ಮೇಲೆ ಹೋಗ್ತಾ ಉಂಟು... ಇನ್ನೂ ಮೇಲೆ... ತುಂಬ ಸಣ್ಣದಾಯ್ತು, ನೂಲಿನ ಹಾಗೆ... ಇಲ್ಲ, ತುಂಡಾಗ್ಲಿಲ್ಲ, ಉಂಟು..."

ಸಾಹೇಬರು ಕಣ್ಣು ಮುಚ್ಚಿಕೊಂಡು ನನ್ನ ಮಾತಿಗೆ ಬೆರಳಿನಿಂದ ತಾಳ ಹಾಕುತ್ತಿದ್ದರು.

"ಈಗ ನಿಂತಿತು," ಎಂದೆ.

ಅವರ ಬೆರಳೂ ನಿಂತಿತು.

"ಇದನ್ನೇ ಇಟ್ಟುಕೊಳ್ಳುವ," ಎಂದರು.