ಕುಂಟುವವರ ಹಿಂದೆ ಹೋದ ವಕೀಲ

ನನ್ನ ಆಫೀಸಿನ ಮೆಟ್ಟಿಲು ಹತ್ತುವ ಹೊತ್ತಿಗೆ ಪ್ರತಿಯೊಬ್ಬರಿಗೂ ಯಾರ ಮೇಲಾದರೂ ಒಂದು ಅನುಮಾನ ಹುಟ್ಟಿರುತ್ತದೆ. ವಿಜಯನಗರದಲ್ಲಿ, ಬೇಕರಿ ಮೇಲಿನ ಮಹಡಿಯಲ್ಲಿ ಇಪ್ಪತ್ತಾರು ವರ್ಷದಿಂದ ವಕೀಲಿಕೆ ನನ್ನದು. ಬಿದ್ದು ಕೈಕಾಲು ಮುರಿದುಕೊಂಡವರು, ಹೊಗೆ-ಕೊಳಚೆ ತಡೆಯಲಾರದವರು, ಮರ ಉಳಿಸಲು ಹೊರಟವರು ಬರುತ್ತಾರೆ. ಮೊದಲೆಲ್ಲ ಗುಂಡಿಗೆ ಬಿದ್ದವನು ಹಣೆಬರಹ ಎಂದು ಧೂಳು ಕೊಡವಿಕೊಂಡು ಮನೆಗೆ ಹೋಗುತ್ತಿದ್ದ. ಈಗ ಗುಂಡಿ ತೋಡಿದವರು ಯಾರು ಅಂತ ಕೇಳುತ್ತಾನೆ. ಕೋರ್ಟುಗಳೂ ಕೇಳುತ್ತಿವೆ. ಒಳ್ಳೆಯದೇ. ಆದರೆ ಕಾನೂನು ಬೆಳೆದಷ್ಟೂ ಅನುಮಾನವೂ ಬೆಳೆದು, ನನ್ನ ಪಾಲಿಗೆ ಇಂಥವು ನಡೆಯುತ್ತಲೇ ಇರುತ್ತವೆ.

ಹೊಂಗೆ ಮರದ ಬುಡ

ಬಸವೇಶ್ವರನಗರದ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರ ಮನೆ ಮುಂದಿನ ಹೊಂಗೆ ಮರ ಒಣಗತೊಡಗಿತು. ಎದುರು ಮನೆಯವರು ಹೊಸ ಕಾರು ತಂದಿದ್ದರು, ಅದರ ಮೇಲೆ ಹಕ್ಕಿಗಳು ಗಲೀಜು ಮಾಡುತ್ತಿದ್ದವು.

"ಎದುರು ಮನೆಯವನೇ ಬುಡಕ್ಕೆ ಆಸಿಡ್ ಹಾಕ್ತಿದಾನೆ ಸಾರ್, ಗ್ಯಾರಂಟಿ," ಎಂದರು ಮ್ಯಾನೇಜರು.

"ಮರ ಸಾಯಿಸಿದರೂ ಈಗ ಕೇಸಾಗುತ್ತೆ. ಆದರೆ ಸಾಕ್ಷಿ ಬೇಕು," ಎಂದೆ.

ಮರಕ್ಕೆ ನೆಟ್ಟಗೆ ಕ್ಯಾಮೆರಾ ಹಾಕಿಸಿದರು. ವಾರ ಬಿಟ್ಟು ಹೆಂಡತಿಯ ಜೊತೆ ಬಂದರು.

"ರೆಕಾರ್ಡಿಂಗ್ ನಾನಿನ್ನೂ ನೋಡಿಲ್ಲ ಸಾರ್. ಮೊದಲೇ ನೋಡಿದ್ರೆ ನೀವೇ ತಿದ್ದಿದೀರಿ ಅಂತಾರೆ. ನಿಮ್ಮೆದುರೇ ನೋಡೋಣ."

ಅವರ ಫೋನಿನಲ್ಲಿ ಮೂವರೂ ನೋಡಿದೆವು. ಬೆಳಗ್ಗೆ ಆರೂವರೆ. ಗೇಟು ತೆರೆಯಿತು, ಆದರೆ ಎದುರು ಮನೆಯದ್ದಲ್ಲ. ಇವರದೇ ಗೇಟು. ಹಬೆಯಾಡುವ ಪಾತ್ರೆ ಹಿಡಿದು ಬಂದ ಅವರ ಹೆಂಡತಿ, ಕುದಿನೀರನ್ನು ಮರದ ಬುಡಕ್ಕೆ ಸುರಿದು ಆರಾಮವಾಗಿ ಒಳಗೆ ಹೋದರು.

"ಏನ್ರೀ ಹಂಗ್ ನೋಡ್ತೀರ?" ಆಕೆ ಗಂಡನನ್ನೇ ಗದರಿದರು. "ಬುಡದ ತುಂಬ ಇರುವೆ. ಎಲೆ ಉದುರಿದ್ರೆ ಗುಡಿಸೋಳು ನಾನು. ಒಂದಿನ ನೀವು ಪೊರಕೆ ಹಿಡಿದಿದೀರಾ?"

ಮ್ಯಾನೇಜರು ಫೋನ್ ಜೇಬಿಗೆ ಹಾಕಿಕೊಂಡು, ದನಿ ತಗ್ಗಿಸಿ ಕೇಳಿದರು: "ಸಾರ್, ಮರ ತಾನಾಗೇ ಒಣಗಿದ್ರೆ ಯಾವ ಸೆಕ್ಷನ್ನೂ ಬರಲ್ಲ ಅಲ್ವಾ?"

ಇವತ್ತು ಆಫೀಸರ್ ಬರ್ತಾರೆ

ಕೆಂಗೇರಿ ಕಡೆ ಬಟ್ಟೆಗೆ ಬಣ್ಣ ಹಾಕುವ ಒಂದು ಸಣ್ಣ ಕಾರ್ಖಾನೆ. ಅದರ ಹಿಂದಿನ ಮೋರಿಯಲ್ಲಿ ಸೋಮವಾರ ನೀಲಿ ನೀರು, ಮಂಗಳವಾರ ಕೆಂಪು. ಪಕ್ಕದಲ್ಲೇ ದಿನಸಿ ಅಂಗಡಿ ಇಟ್ಟಿದ್ದ ಆಂಟಿಯೊಬ್ಬರು ನನ್ನ ಮೂಲಕ ದೂರು ಕೊಟ್ಟರು. ಅವರ ಮೊಮ್ಮಗಳ ಮೈಯೆಲ್ಲ ತುರಿಕೆ ಎದ್ದಿತ್ತು, ಹಟ ಹಿಡಿದಿದ್ದರು. ಪರಿಶೀಲನೆಗೆ ಮಾಲಿನ್ಯ ಮಂಡಳಿಯ ಆಫೀಸರುಗಳು ಬಂದರು. ಅವತ್ತು ಮೋರಿ ನೀರು ಸ್ಫಟಿಕ! ಎರಡನೇ ಸಲವೂ ಹಾಗೇ.

"ಆಫೀಸರ್ ಬರೋದು ಕಾರ್ಖಾನೆಯವರಿಗೆ ಮೊದಲೇ ಗೊತ್ತಾಗ್ತಿದೆ ಸಾರ್. ಯಾರೋ ಹೇಳ್ತಿದಾರೆ," ಎಂದರು ಆಂಟಿ.

"ಯಾರು ಅಂತ ಹಿಡಿಯೋದು ಕಷ್ಟ ಕಣಮ್ಮ."

"ಹಿಡಿಯೋದ್ಯಾಕೆ? ಬಿಡಿ, ನಾನು ನೋಡ್ಕೋತೀನಿ."

ಒಂದು ತಿಂಗಳು ಆಕೆಯ ಸುದ್ದಿಯಿಲ್ಲ. ಮೋರಿಯಲ್ಲಿ ಬಣ್ಣವೂ ಇಲ್ಲ. ಕಡೆಗೆ ಕಾರ್ಖಾನೆ ಮಾಲೀಕನೇ ನನ್ನ ಆಫೀಸಿಗೆ ಬಂದ. ಕಣ್ಣು ಗುಳಿಬಿದ್ದಿತ್ತು. ಆಗ ಗೊತ್ತಾಯಿತು: ಆಂಟಿ ದಿನಾ ಬೆಳಗ್ಗೆ ಕಾರ್ಖಾನೆಯ ವಾಚ್‌ಮನ್‌ಗೆ ಬೀಡಿ ಕೊಡುವಾಗ, "ಇವತ್ತು ಆಫೀಸರ್ ಬರ್ತಾರಂತೆ, ನಾನು ಹೇಳಿದೆ ಅನ್ಬೇಡ," ಅಂತ ಗುಟ್ಟಾಗಿ ಹೇಳುತ್ತಿದ್ದರಂತೆ. ವಾಚ್‌ಮನ್ ಅದನ್ನು ಮಾಲೀಕನಿಗೆ ಮುಟ್ಟಿಸುತ್ತಿದ್ದ, ಇವನು ಹೆದರಿ ನೀರು ಶುದ್ಧ ಮಾಡುವ ಮಿಷನ್ನನ್ನು ದಿನವೂ ಓಡಿಸುತ್ತಿದ್ದ.

"ಸಾರ್, ದಿನಾ ಇನ್‌ಸ್ಪೆಕ್ಷನ್ ಅಂದ್ರೆ ಹೆಂಗೆ ಸಾರ್?" ಎಂದ ಅಳುವ ದನಿಯಲ್ಲಿ. "ಭಾನುವಾರನಾದ್ರೂ ರಜ ಕೊಡೋಕೆ ಹೇಳಿ!"

ಬಲಗಾಲು

ಸುಂಕದಕಟ್ಟೆಯ ಟೈಲರ್ ಒಬ್ಬರು ಫುಟ್‌ಪಾತಿನ ತೆರೆದ ಗುಂಡಿಗೆ ಬಿದ್ದು ಬಲಗಾಲು ಮುರಿದುಕೊಂಡಿದ್ದರು. ಪೈಪು ಹಾಕಲು ಅಗೆದ ಕಂಟ್ರಾಕ್ಟರ್ ಚಪ್ಪಡಿ ಮುಚ್ಚದೆ ಹೋಗಿದ್ದ. ಆ ಕಾಲಲ್ಲೇ ಹೊಲಿಗೆ ಮಿಷನ್ ತುಳಿಯಬೇಕು, ಅಂಗಡಿ ಬಾಗಿಲು ಹಾಕಿತ್ತು. ಕೇಸು ಹಾಕಿದೆವು. ಕಂಟ್ರಾಕ್ಟರ್ ಕಡೆಯವರು, "ಮೂಳೆ ಯಾವಾಗಲೋ ಕೂಡಿದೆ, ಈಗ ಕುಂಟೋದೆಲ್ಲ ನಾಟಕ," ಎಂದರು.

ಆ ಮಾತು ನನ್ನ ತಲೆಗೂ ಹೊಕ್ಕಿತು. ಟೈಲರು ನನ್ನ ಆಫೀಸಿಗೆ ಬಂದಾಗ ಬಹಳ ಕುಂಟುತ್ತಿದ್ದರು. ಹೊರಗೆ? ಒಂದು ಮಧ್ಯಾಹ್ನ ಕರಿಕೋಟು ತೆಗೆದಿಟ್ಟು, ಟೋಪಿ ಹಾಕಿಕೊಂಡು ಸುಂಕದಕಟ್ಟೆಯಲ್ಲಿ ಬಸ್ಸಿಳಿದೆ. ಅವರು ತರಕಾರಿ ಚೀಲ ಹಿಡಿದು ಹೋಗುತ್ತಿದ್ದರು. ಹಿಂಬಾಲಿಸಿದೆ. ಕುಂಟುತ್ತಲೇ ಇದ್ದರು. ನನ್ನ ಕಣ್ಣೆಲ್ಲ ಅವರ ಬಲಗಾಲಿನ ಮೇಲೆ. ನನ್ನ ಕಾಲು ಎಲ್ಲಿದೆ ಅಂತ ನೋಡಲಿಲ್ಲ. ದಬಕ್ ಅಂತ ಬಿದ್ದೆ. ಅದೇ ಗುಂಡಿ! ಇನ್ನೂ ಮುಚ್ಚಿರಲಿಲ್ಲ.

"ಅಯ್ಯೋ, ವಕೀಲ್ ಸಾರ್! ಇಲ್ಲೇನ್ ಮಾಡ್ತಿದೀರ?" ಎಂದು ಟೈಲರೇ ಓಡೋಡಿ, ಅಂದರೆ ಕುಂಟೋಡಿ ಬಂದು ಎತ್ತಿದರು.

"ಇಲ್ಲೇ... ಜಾಗ ನೋಡೋಕೆ ಬಂದಿದ್ದೆ," ಎಂದೆ.

ಹಾಗೆ ಆ ಗುಂಡಿಗೆ ನಾನೇ ಸಾಕ್ಷಿಯಾದೆ. ಸಾಕ್ಷಿ ಹೇಳುವ ವಕೀಲ ಅದೇ ಕೇಸು ನಡೆಸುವ ಹಾಗಿಲ್ಲ, ಅದಕ್ಕೇ ಫೈಲನ್ನು ಪರಿಚಯದ ವಕೀಲೆಯೊಬ್ಬರಿಗೆ ಕೊಟ್ಟೆ. ಕಟಕಟೆ ಹತ್ತಿದ್ದಾಯಿತು. ಎದುರು ವಕೀಲರು ನಗುತ್ತಾ ಪಾಟೀಸವಾಲು ಶುರುಮಾಡಿದರು.

"ಆ ಮಧ್ಯಾಹ್ನ ಅಲ್ಲಿಗೆ ಯಾಕೆ ಹೋಗಿದ್ರಿ?"

ಪ್ರಮಾಣ ಮಾಡಿ ನಿಂತಿದ್ದೆ. ಟೈಲರು ಮುಂದಿನ ಬೆಂಚಿನಲ್ಲೇ ಕೂತಿದ್ದರು.

"ನಮ್ಮ ಕಕ್ಷಿದಾರರು ನಿಜವಾಗಿ ಕುಂಟ್ತಾರಾ ಅಂತ ಹಿಂದೆ ಹೋಗಿ ನೋಡೋಕೆ."

ಕೋರ್ಟೆಲ್ಲ ನಕ್ಕಿತು. ಎದುರು ವಕೀಲರಿಗೆ ಹಬ್ಬ. "ಅಂದ್ರೆ ನಿಮಗೇ ನಂಬಿಕೆ ಇರಲಿಲ್ಲ! ಎಷ್ಟು ದೂರ ಹೋದ್ರಿ?"

"ಅರ್ಧ ಕಿಲೋಮೀಟರ್."

"ಅಷ್ಟು ದೂರದಲ್ಲಿ ಏನು ಕಂಡ್ರಿ?"

"ಉದ್ದಕ್ಕೂ ಕುಂಟ್ತಾನೇ ಇದ್ದರು."

ಆ ಪ್ರಶ್ನೆ ಕೇಳಬಾರದಿತ್ತು ಎಂದು ಅವರಿಗೆ ಆಮೇಲೆ ಹೊಳೆಯಿತು. ಯಾರೂ ನೋಡುತ್ತಿಲ್ಲ ಅಂದುಕೊಂಡವನೂ ಕುಂಟಿದರೆ ಅದು ನಾಟಕ ಹೇಗಾದೀತು? ತೀರ್ಪು ಟೈಲರ ಪರ ಬಂತು.

ಹೊರಗೆ ವರಾಂಡದಲ್ಲಿ ಕೈಹಿಡಿದು ಕ್ಷಮೆ ಕೇಳಿದೆ. "ನಿಮ್ಮನ್ನ ಅನುಮಾನಿಸಬಾರದಿತ್ತು."

"ಬಿಡಿ ಸಾರ್," ಎಂದರು ಟೈಲರು. "ಅವತ್ತು ನೀವು ಬಸ್ಸಿಳಿದಾಗ್ಲೇ ನೋಡ್ದೆ. ಟೋಪಿ ಹಾಕ್ಕೊಂಡ್ರೆ ಗೊತ್ತಾಗಲ್ವಾ?"

ಹಿಡಿದ ಕೈ ಬಿಟ್ಟೆ. "ಮತ್ತೆ ಆ ಕುಂಟಿದ್ದು?"

"ಅದನ್ನ ನೋಡೋಕೆ ಅಂತಾನೇ ಅಷ್ಟು ದೂರ ಬಂದಿದೀರ. ಬರಿಗೈಲಿ ವಾಪಸ್ ಕಳ್ಸೋಕಾಗುತ್ತಾ ಸಾರ್?"