ಎರಡನೆಯ ತರಗತಿಗೆ ಬರುವ ಗಾಳಿಯಂತ್ರದ ನೆರಳು

ಗುಡ್ಡದ ಬದಿಯಲ್ಲಿ ಹಗಲಿರುಳು ನಿಂತೇ ಇರುವ, ಬನ್ನಿ ಕುಳಿತುಕೊಳ್ಳಿ ಎಂದರೂ ಕೂರದ, ಮೂರು ಕೈಗಳ ಮಾನ್ಯ ಗಾಳಿಯಂತ್ರದವರೇ,

ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ, ಶಾಲೆಯೂ ಕ್ಷೇಮ. ತಮ್ಮ ಕ್ಷೇಮವನ್ನು ಕೇಳಬೇಕಾಗಿಯೇ ಇಲ್ಲ, ಅದು ಮುಂಡರಗಿಯ ದಾರಿಯುದ್ದಕ್ಕೂ ಕಾಣುತ್ತದೆ. ನಾನು ತಮ್ಮ ಬುಡದಲ್ಲೇ ಇರುವ ಕಿರಿಯ ಪ್ರಾಥಮಿಕ ಶಾಲೆಯ ಎರಡನೆಯ ತರಗತಿಯ ಶಿಕ್ಷಕಿ, ಹೆಸರು ಶಿವರಂಜನಿ. ತಾವು ನನ್ನನ್ನು ಗಮನಿಸಿರಲಿಕ್ಕಿಲ್ಲ. ಅಷ್ಟೆತ್ತರಕ್ಕೆ ಏರಿದವರಿಗೆ ಕೆಳಗೆ ನೋಡುವ ರೂಢಿ ತಪ್ಪಿಹೋಗಿರುತ್ತದೆ. ಆದರೆ ತಮ್ಮ ನೆರಳು ಮಾತ್ರ ನನ್ನ ತರಗತಿಗೆ ತಪ್ಪದೆ ಬರುತ್ತಿದ್ದು, ಈ ಅರಿಕೆ ಅದರ ಕುರಿತಾಗಿಯೇ ಇದೆ.

ದಸರಾ ರಜೆ ಮುಗಿದು ಬಿಸಿಲು ಒಂದಿಷ್ಟು ತೆಂಕಲಿಗೆ ಸರಿದದ್ದೇ ತಡ, ಪ್ರಾರ್ಥನೆ ಮುಗಿಯುವ ಹೊತ್ತಿಗೆ ಸರಿಯಾಗಿ ತಮ್ಮ ಒಂದು ರೆಕ್ಕೆಯ ನೆರಳು ಕಿಟಕಿಯಿಂದ ಒಳಗಿಳಿದು, ನೆಲ ಗುಡಿಸಿ, ಗೋಡೆ ಹತ್ತಿ, ಕರಿಹಲಗೆಯ ಮೇಲೆ ನಾನು ದುಂಡಗೆ ಬರೆದಿದ್ದನ್ನೆಲ್ಲ ಒರೆಸಿದಂತೆ ಮಾಡಿ ಹೋಗುವುದು, ಅದರ ಬೆನ್ನಿಗೇ ಇನ್ನೊಂದು ಬರುವುದು ಶುರುವಾಯಿತು. ಇಂಥ ಸಮಯಪಾಲನೆಯನ್ನು ನಮ್ಮ ಇಲಾಖೆಯಲ್ಲಿ ನಾನು ಕಂಡವಳಲ್ಲ. ಮೊದಲ ದಿನವೇ ವೀರು ಎಂಬ ನನ್ನ ವಿದ್ಯಾರ್ಥಿ ಒಂದು ಆಟ ಕಟ್ಟಿದ: ನೆರಳು ಬಂದಾಗ ಕಾಲೆತ್ತಬೇಕು, ಕಾಲಿಗೆ ನೆರಳು ತಾಗಿದವರು ಔಟ್. ಇಡೀ ತರಗತಿ ಒಟ್ಟಿಗೆ ಕಾಲೆತ್ತಿ ಒಟ್ಟಿಗೆ ಇಳಿಸುವ ಆ ಶಿಸ್ತು ವ್ಯಾಯಾಮದ ಪೀರಿಯಡ್ಡಿನಲ್ಲಿ ನಾನು ಗೋಗರೆದರೂ ಸಿಕ್ಕಿರಲಿಲ್ಲ. ಕಾಲೆತ್ತದೆ ನಿಂತಿದ್ದವಳು ನಾನೊಬ್ಬಳೇ ಆದ್ದರಿಂದ, ಮುಂದಿನ ಸಾಲಿನ ದುರ್ಗಾ ಎದ್ದುನಿಂತು, ಬಲು ಮರ್ಯಾದೆಯಿಂದ, ನಾನು ಔಟಾಗಿರುವ ಸಂಗತಿಯನ್ನು ನನ್ನ ಗಮನಕ್ಕೆ ತಂದಳು. ಔಟಾದವರ ಪಾಠವನ್ನು ಯಾರು ಕೇಳುತ್ತಾರೆ, ತಾವೇ ಹೇಳಬೇಕು.

ಮಕ್ಕಳ ಗಮನ ಸೆಳೆಯುವುದು ಹೇಗೆಂದು ಗದಗಿನಲ್ಲಿ ನಮಗೆ ತರಬೇತಿ ಕೊಟ್ಟಿದ್ದಾರೆ, ಗಿರಮಿಟ್ಟು ಮತ್ತು ಚಹಾ ಸಮೇತ. ಅದರಂತೆ ನಾನು ಚಪ್ಪಾಳೆ ತಟ್ಟಿದೆ. ತಮ್ಮನ್ನು ಮೆಚ್ಚಿ ತಟ್ಟಿದ್ದೆಂದು ತಿಳಿದು ಮಕ್ಕಳೂ ತಮಗೇ ತಟ್ಟಿದರು. ದನಿ ತಗ್ಗಿಸಿ ಪಿಸುಗುಟ್ಟಿದೆ. ಟೀಚರಿಗೆ ಗಂಟಲು ಬಿದ್ದಿದೆಯೆಂದು ಯಾರೋ ಮನೆಯಿಂದ ಕಷಾಯ ತಂದರು. ಹಳೆಯ ಕಾಲುಚೀಲದಲ್ಲಿ ಗೊಂಬೆ ಹೊಲಿದು ಕುಣಿಸಿದೆ. ನೆರಳು ಹಾದದ್ದರಿಂದ ಅದೂ ಔಟಾಯಿತು. ಕಿಟಕಿ ಮುಚ್ಚಿದರೆ ಕತ್ತಲು, ದೀಪ ಹಾಕೋಣವೆಂದರೆ ಕರೆಂಟಿಲ್ಲ. ತಾವು ಬೆವರು ಸುರಿಸಿ ತಯಾರಿಸುವ ಕರೆಂಟು ನಮ್ಮ ಹಂಚಿನ ಮೇಲಿಂದಲೇ ಹಾದು ಯಾವುದೋ ದೊಡ್ಡ ಊರಿಗೆ ಹೋಗುತ್ತದೆಯಂತೆ. ತಮ್ಮದು ಬಹಳ ದೊಡ್ಡ ಮನಸ್ಸು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಒಂದು ದಿನ ವೀರುವಿನ ತಾಯಿ ಸಿದ್ದಲಿಂಗವ್ವ ಮೆಣಸಿನಕಾಯಿ ಹೊಲದಿಂದ ನೆಟ್ಟಗೆ ಶಾಲೆಗೇ ಬಂದು, ಮಗನಿಗೆ ಒಂದು ಸಾಲು ಓದಲು ಬರುವುದಿಲ್ಲವೆಂದೂ, ಕಾನ್ವೆಂಟಿನ ಹಳದಿ ವ್ಯಾನು ಈಗ ಪಕ್ಕದೂರು ಹರ್ತಿ ದಾಟಿ ನಮ್ಮೂರಿನ ತನಕ ಬರುತ್ತಿದೆಯೆಂದೂ ಹೇಳಿದರು. "ನಾ ಅಂತೂ ಓದಿಲ್ರಿ ಟೀಚರ, ಅವನರ ಓದ್ಲಿ. ದೀಪಾವಳಿ ಮುಗದ ಮ್ಯಾಲ ಬರ್ತೀನಿ. ನನ್ನ ಮುಂದ ಒಂದು ಹಾಳಿ ಓದಿದ್ರ ಇಲ್ಲೇ ಇರ್ತಾನ, ಇಲ್ಲಾಂದ್ರ ವ್ಯಾನ್ ಹತ್ತತಾನ." ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ನನಗೆ ಉರಿದದ್ದೇ ಅದಕ್ಕೆ. ವೀರು ಹತ್ತಿದರೆ ಅವನ ಹಿಂದೆ ಅವನ ಗುಂಪೆಲ್ಲ ಹತ್ತುತ್ತದೆ. ನನಗೆ ಉಳಿಯುವುದು ಖಾಲಿ ಬೆಂಚು ಮತ್ತು ತಾವು. ಅಲ್ಲದೆ, ಮುಚ್ಚಿಡುವುದೇಕೆ, ಆ ತುಂಟನೆಂದರೆ ನನಗೆ ಜೀವ.

ಆದ್ದರಿಂದ ನಾನು ತಮಗೆ ಶರಣಾದೆ. ಆಟದ ನಿಯಮ ಬದಲಿಸಿ, ನೆರಳು ಪುಸ್ತಕದ ಮೇಲೆ ಹಾದಾಗಲೊಮ್ಮೆ ಒಂದು ಅಕ್ಷರ ಓದಬೇಕೆಂದೂ, ಅಕ್ಷರ ಪಳಗಿದ ಮೇಲೆ ಒಂದು ಪದ ಓದಬೇಕೆಂದೂ ಸಾರಿದೆ. ಅಬ್ಬಬ್ಬಾ, ಏನು ಹೇಳಲಿ ತಮ್ಮ ಪ್ರಭಾವವನ್ನು! ಒತ್ತಕ್ಷರ ಕಂಡರೆ ಬೆಂಚಿನ ಕೆಳಗೆ ಇಳಿಯುತ್ತಿದ್ದ ವೀರು ಪದದ ಕೆಳಗೆ ಬೆರಳಿಟ್ಟು, ತಮ್ಮ ನೆರಳಿಗಾಗಿ ಕಣ್ಣು ಮಿಟುಕಿಸದೆ ಕಾಯತೊಡಗಿದ. ನನ್ನ ಇಡೀ ಸರ್ವಿಸಿನಲ್ಲಿ ಆಗದ್ದನ್ನು ತಾವು ಡಿ.ಎಡ್. ಕೂಡ ಮಾಡದೆ ಸಾಧಿಸಿದಿರಿ. ತಮ್ಮನ್ನು ಉತ್ತಮ ಶಿಕ್ಷಕ ಪ್ರಶಸ್ತಿಗೆ ಶಿಫಾರಸು ಮಾಡಬೇಕೆಂದಿದ್ದೆ, ಶಾಲು ಹೊದಿಸಲು ಅಷ್ಟುದ್ದದ ಏಣಿ ಊರಲ್ಲಿ ಸಿಗಲಿಲ್ಲ.

ಹೇಳಿದಂತೆ ಸಿದ್ದಲಿಂಗವ್ವ ಬಂದು ಬಾಗಿಲ ಬಳಿ ಕುಳಿತರು. ವೀರು ಪುಸ್ತಕ ತೆರೆದು ಬೆರಳಿಟ್ಟ. ಮಾನ್ಯರೇ, ತಾವು ನಿಂತುಬಿಟ್ಟದ್ದು ಅವತ್ತೇ! ಬೇವಿನ ಎಲೆಯೂ ಅಲ್ಲಾಡದಂಥ ಆ ಬೆಳಗಿನಲ್ಲಿ ತಮ್ಮ ನೆರಳು ಹುಡುಗನ ಪುಸ್ತಕಕ್ಕೆ ಗೇಣುದ್ದ ದೂರದವರೆಗೆ ಬಂದು ಅಲ್ಲೇ ಹಾಯಾಗಿ ಮಲಗಿತು. ಅವನು ಬಾಯಿ ತೆರೆದುಕೊಂಡು ಕಾದ. ತರಗತಿಯೆಲ್ಲ ಅವನ ಜೊತೆಗೆ ಕಾಯಿತು. ತಾಯಿ ಗದರಿದರೆ, ಅದು ಇನ್ನೂ ಬಂದಿಲ್ಲವೆಂದು ಆ ನೆರಳನ್ನು ತೋರಿಸಿದ. ಸಿದ್ದಲಿಂಗವ್ವ ಸೆರಗು ಕೊಡವಿ ಎದ್ದು ಬಾಗಿಲಾಚೆ ಒಂದು ಕಾಲಿಟ್ಟರು. ಹೇಳದೆ ಕೇಳದೆ ಹೀಗೆ ರಜೆ ಹಾಕಲು ತಮಗೆ ಅನುಮತಿ ಕೊಟ್ಟವರು ಯಾರು?

ಬೇರೆ ದಾರಿ ಕಾಣದೆ, ಕಿಟಕಿಗೆ ಬೆನ್ನು ಕೊಟ್ಟು ನಿಂತು, ದೇವರು ಕೊಟ್ಟ ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ತಿರುಗಿಸಿದೆ. ಬಳೆಗಳು ಗಲಗಲ ಎಂದವು. ನನ್ನ ಕೈಯ ನೆರಳು ಪುಸ್ತಕದ ಮೇಲೆ ಹಾಯಿತು. "ಎಮ್ಮೆ" ಎಂದ ವೀರು. ಇನ್ನೊಂದು ಸುತ್ತು ತಿರುಗಿಸಿದೆ. "ಕಟ್ಟೆಯ" ಎಂದ. ಮತ್ತೊಂದಕ್ಕೆ "ಹತ್ತಿರ" ಎಂದ. ಹಾಳೆ ಮುಗಿಯುವಷ್ಟರಲ್ಲಿ ನನ್ನ ರಟ್ಟೆಗಳು ಕಳಚಿ ಬೀಳುವಂತಾಗಿದ್ದವು. ಟೀಚರಿಗೆ ತಲೆ ಕೆಟ್ಟಿತೆಂದು ಸಿದ್ದಲಿಂಗವ್ವ ನಗುತ್ತಾರೆಂದುಕೊಂಡಿದ್ದೆ. ಅವರು ಒಳಗೆ ಬಂದು, ಮಗನ ಪಕ್ಕ ಆ ಗಿಡ್ಡ ಬೆಂಚಿನಲ್ಲಿ ಹೇಗೋ ಹಿಡಿಸಿಕೊಂಡು ಕುಳಿತು, ಹಾಳೆ ತಿರುವಿ, ಮೆಣಸಿನಕಾಯಿಯ ಕೆಂಪು ಹತ್ತಿದ್ದ ತಮ್ಮ ಬೆರಳನ್ನೇ ಮೊದಲ ಪದದ ಕೆಳಗಿಟ್ಟರು.

"ಇನ್ನೊಮ್ಮಿ ಬೀಸ್ರಿ ಟೀಚರ. ಅವ ಅಂದದ್ದ ನಾನೂ ಅಂತೀನಿ."

ನಾನು ಬೀಸಿದೆ, ನೋವೆಲ್ಲಿಯದು ಆಗ. ಆದಕಾರಣ ಮಾನ್ಯರು ದಯವಿಟ್ಟು, ಇನ್ನು ಮುಂದೆ ನಿಲ್ಲುವುದಿದ್ದರೆ ಹಿಂದಿನ ದಿನವೇ ರಜಾ ಅರ್ಜಿ ಕಳುಹಿಸಬೇಕಾಗಿಯೂ, ವಾರ್ಷಿಕ ಪರೀಕ್ಷೆ ಮುಗಿಯುವ ತನಕ ತಮ್ಮ ಮೂರರಲ್ಲಿ ಒಂದು ಕೈಯನ್ನು ನನಗೆ ಎರವಲು ಕೊಡಬೇಕಾಗಿಯೂ ಕೋರುತ್ತೇನೆ. ಕೀಲಿಗೆ ಹಾಕುವ ಎಣ್ಣೆ ಮಿಕ್ಕಿದ್ದರೆ ಅದೂ ಇರಲಿ, ಭುಜ ಇನ್ನೂ ಎತ್ತಲಾಗುತ್ತಿಲ್ಲ.

ಹೀಗೆಂದು ತಮ್ಮ ಬುಡದಿಂದ ಕತ್ತೆತ್ತಿ ಬಿನ್ನವಿಸುವ,
ತಮ್ಮ ವಿಶ್ವಾಸಿ,
ಶಿವರಂಜನಿ

ತಾ.ಕ.: ಮರುದಿನ ಗಾಳಿ ಎದ್ದು ತಾವು ಎಂದಿನ ಠೀವಿಯಲ್ಲಿ ತಿರುಗಿದಿರಿ, ನೆರಳೂ ಒಳಗೆ ಬಂದು ಹೋಯಿತು. ಒಬ್ಬರೂ ಅತ್ತ ತಿರುಗಲಿಲ್ಲ. ಎಲ್ಲರ ಕಣ್ಣೂ ನನ್ನ ಕೈಯ ಮೇಲೇ ಇತ್ತು. ಈಗ ನಾನು ಸೊಳ್ಳೆ ಓಡಿಸಿದರೂ ಮಕ್ಕಳು ಒಂದು ಪದ ಓದುತ್ತಾರೆ. ತಾವಿನ್ನು ನಿಶ್ಚಿಂತೆಯಿಂದ ಕರೆಂಟು ತಯಾರಿಸುವ ಕೆಲಸವನ್ನಷ್ಟೇ ನೋಡಿಕೊಳ್ಳಬಹುದು.